ಚಕ್ರದ ಮುಂದಿನ ಊಟ

ಮೂಕಂಡಪಲ್ಲಿಯ ನಮ್ಮ ಮೆಕ್ಯಾನಿಕ್ ಪಿಕಪ್ ಗಾಡಿಗಳ ಬ್ರೇಕನ್ನು ಪರೀಕ್ಷಿಸುತ್ತಿದ್ದುದು ತಮ್ಮ ಊಟದ ಕ್ಯಾರಿಯರ್‌ನಿಂದ. ಇಳಿಜಾರಿನ ಕೊನೆಯ ಮರಳುಗುಡ್ಡೆಯ ಮುಂದೆ ಅದನ್ನಿಟ್ಟು, "ಮೊದ್ಲು ನಿಲ್ಬೇಕು, ಆಮೇಲೆ ಓಡ್ಬೇಕು" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ನಮ್ಮನೆ ಯಜಮಾನರು ಪಿಕಪ್‌ನಲ್ಲಿ ಕೃಷ್ಣಗಿರಿಗೆ ಮಾವು ಹೇರಿಕೊಂಡು ಹೊರಟಿದ್ದರು. ಬ್ರೇಕ್ ಮೆತ್ತಗಿದೆಯೆಂದು ನಾನೇ ಹಟ ಹಿಡಿದು ಅಲ್ಲಿಗೆ ಕರೆತಂದೆ.

"ಹೋಗ್ಬುಟ್ಟು ಬತ್ತೀನಣ್ಣಾ, ಹಣ್ಣು ಕೆಡ್ತದೆ," ಎಂದರು ಇವರು.

"ಕ್ಯಾರಿಯರ್ ಮುಂದೆ ನಿಲ್ಸು, ಆಮೇಲೆ ಹೋಗು," ಎಂದರು ಮೆಕ್ಯಾನಿಕ್.

ಗಾಡಿ ನಿಲ್ಲಲಿಲ್ಲ. ಕ್ಯಾರಿಯರ್ ಅಪ್ಪಚ್ಚಿಯಾಯಿತು, ಮರಳೆಲ್ಲ ಸಾರು.

"ಸಾರು ತಾನೇ ಹೋಗಿದ್ದು, ಬಿಡು," ಎಂದು ನಕ್ಕು ಅವರು ಗಾಡಿಯಡಿ ತೂರಿದರು.

ಮಧ್ಯಾಹ್ನ ಹೊಸ ಕ್ಯಾರಿಯರ್‌ನಲ್ಲಿ ಮುದ್ದೆ, ಹುರುಳಿ ಸಾರು ಒಯ್ದೆ.

"ಬಿಸಿ ಆರ್ತದಣ್ಣಾ, ಉಣ್ಣಿ."

"ತಡಿಯಮ್ಮಾ," ಎಂದವರು ಅದನ್ನೂ ಅಲ್ಲೇ ಇಟ್ಟರು. ಗಾಡಿ ಗೇಣು ದೂರದಲ್ಲಿ ನಿಂತ ಮೇಲೆಯೇ ಮುಚ್ಚಳ ತೆಗೆದರು.