ಪಿನ್ನು ಬಾಗದಂತೆ ಕೂರಿಸುವ ಮೆಲ್ಲಕ್ಕ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಅತ್ತಿಂದಿತ್ತ ನಡೆಯುತ್ತಿದ್ದಾರೆ. ಸರ್ವರ್ ಕೋಣೆಯ ಬಾಗಿಲವರೆಗೆ ಹೋಗುತ್ತಾರೆ, ಬೆರಳಿನ ನೆಟಿಗೆ ಮುರಿಯುತ್ತಾರೆ, ಮತ್ತೆ ಲಿಫ್ಟಿನವರೆಗೆ ಬರುತ್ತಾರೆ. ಒಳಗೆ ರೋಗಿಗಳ ದಾಖಲೆಗಳನ್ನೆಲ್ಲ ಹೊತ್ತ ಯಂತ್ರ ಕೆಟ್ಟು ಕೂತಿದೆ. ಏಳಕ್ಕೆ ನೋಂದಣಿ ಕೌಂಟರ್ ತೆರೆಯುತ್ತದೆ. ಅಷ್ಟರೊಳಗೆ ಸುಟ್ಟ ಬೋರ್ಡು ತೆಗೆದು ಹೊಸದನ್ನು ಕೂರಿಸಬೇಕು. ಕರೆಂಟು ಕಳಚಿದ ಮೇಲೆ ಐದು ನಿಮಿಷ ಯಂತ್ರವನ್ನು ಮುಟ್ಟುವಂತಿಲ್ಲ. ಆ ಐದು ನಿಮಿಷ ಇವರಿಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ.

ಜೊತೆಯವರು ಇವರನ್ನು ಕರೆಯುವುದು ಮೆಲ್ಲಕ್ಕ ಎಂದು. ಕಾಲಿಗೆ ಚಕ್ರ ಕಟ್ಟಿಕೊಂಡಂತಿರುವ ಈ ಹೆಂಗಸಿಗೆ ಆ ಹೆಸರು ಯಾಕೆ ಬಂತೆಂಬುದು ಯಂತ್ರದ ಮುಂದೆ ಮಂಡಿಯೂರಿದಾಗ ತಿಳಿಯುತ್ತದೆ. ಮೈಯ ವಿದ್ಯುತ್ತು ನೆಲಕ್ಕಿಳಿಯಲೆಂದು ಮಣಿಕಟ್ಟಿಗೆ ಪಟ್ಟಿ ಬಿಗಿದುಕೊಂಡು, ಹಳೆಯ ಬೋರ್ಡಿನ ಎರಡೂ ಬದಿಯ ಹಿಡಿಕೆಗಳನ್ನು ಒಟ್ಟಿಗೇ ಸಡಿಲಿಸುತ್ತಾರೆ. ಓರೆಯಾಗದಂತೆ, ನೇರವಾಗಿ ಹೊರಗೆಳೆಯುತ್ತಾರೆ. ಹೊಸ ಬೋರ್ಡನ್ನು ಚೀಲದಿಂದ ತೆಗೆಯುವ ಮೊದಲು ಟಾರ್ಚು ಹಿಡಿದು, ಅದು ಕೂರಬೇಕಾದ ಜಾಗವನ್ನು ನೋಡುತ್ತಾರೆ. ಅಲ್ಲಿ ಕೂದಲೆಳೆಯಂಥ ನೂರಿಪ್ಪತ್ತು ಪಿನ್ನುಗಳಿವೆ. ಭೂತಗನ್ನಡಿ ಸಾಲು ಸಾಲಾಗಿ ಸರಿಯುತ್ತದೆ, ಮೂರನೆಯ ಸಾಲಿನಲ್ಲಿ ನಿಲ್ಲುತ್ತದೆ. ಒಂದು ಪಿನ್ನು ಪಕ್ಕದ್ದರ ಕಡೆ ವಾಲಿದೆ, ಹಿಂದೆ ಯಾರೋ ಒತ್ತಿ ಕೂರಿಸಿದ್ದರ ಗುರುತು.

ಬೆನ್ನ ಹಿಂದೆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮೇಲ್ವಿಚಾರಕರು ಗಡಿಯಾರ ನೋಡುತ್ತಿದ್ದಾರೆ. ಅವರ ಫೋನು ಸುಮ್ಮನಾಗುತ್ತಿಲ್ಲ.

"ಒಂದೇ ಪಿನ್ನಲ್ವಾ ಅಕ್ಕಾ? ಸ್ವಲ್ಪ ಒತ್ತಿ, ಕೂರುತ್ತೆ," ಎನ್ನುತ್ತಾರೆ ಅವರು.

"ಕೂರುತ್ತೆ ಸಾರ್. ಕೂತ ಮೇಲೆ ಏನ್ ಮಾಡುತ್ತೆ ಅನ್ನೋದನ್ನ ನಾನು ನೋಡಿದೀನಿ."

ನೋಡಿದ್ದು ಹನ್ನೊಂದು ವರ್ಷದ ಹಿಂದೆ. ಅದಕ್ಕೂ ಮೊದಲು ಹದಿನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇದೇ ಬಗೆಯ ಬೋರ್ಡುಗಳನ್ನು ಬದಲಾಯಿಸುತ್ತಿದ್ದರು. ಎಕ್ಸ್‌ಚೇಂಜು ಮುಚ್ಚಿತು, ಸರ್ವರ್ ದುರಸ್ತಿಯ ಸಣ್ಣ ಸಂಸ್ಥೆಯೊಂದಕ್ಕೆ ಸೇರಿದರು. ಆ ದಿನ ಆಂಬುಲೆನ್ಸ್ ಕರೆ ಸ್ವೀಕರಿಸುವ ಕಚೇರಿಯಲ್ಲಿ ಕೆಲಸ. ಎಲ್ಲರಿಗೂ ಅವಸರ, ಇವರಿಗೂ ಅವಸರ. ಬೋರ್ಡು ಒಂದು ಬದಿಯಲ್ಲಿ ತಡೆಯಿತು. ಹೆಬ್ಬೆರಳಿಟ್ಟು ಒತ್ತಿದರು. 'ಟಿಕ್' ಎಂದಿತು. ಕೂತಿತೆಂದುಕೊಂಡು ಕರೆಂಟು ಕೊಟ್ಟರು. ಎರಡು ಪಿನ್ನು ಬಾಗಿ ಒಂದಕ್ಕೊಂದು ತಾಗಿದ್ದವು; ಹೊಸ ಬೋರ್ಡೂ ಹೋಯಿತು, ಯಂತ್ರವೂ ಹೋಯಿತು. ಐದು ಗಂಟೆ ಕಾಲ ಎರಡೇ ಫೋನು, ಕಾಗದ, ಪೆನ್ನು ಹಿಡಿದು ಅಲ್ಲಿಯವರು ಊರನ್ನು ನಿಭಾಯಿಸಿದರು.

ತಪ್ಪು ಇವರ ತಲೆಗೆ ಬರಲಿಲ್ಲ. ಬೋರ್ಡಿನ ಪೆಟ್ಟಿಗೆಯನ್ನು ಹೊತ್ತು ಮೆಟ್ಟಿಲು ಹತ್ತಿದ್ದ ಜೊತೆಗಾರನೇ ಎಲ್ಲೋ ತಗುಲಿಸಿರಬೇಕೆಂದು ಸಂಸ್ಥೆ ತೀರ್ಮಾನಿಸಿತು. ಬೀಸುವ ದೊಣ್ಣೆಯೇನೋ ತಪ್ಪಿತ್ತು. ಆದರೆ ಮೂರು ದಿನ ಅನ್ನ ಸೇರಲಿಲ್ಲ ಎನ್ನುತ್ತಾರೆ ಮೆಲ್ಲಕ್ಕ. ಆ ಐದು ಗಂಟೆಯಲ್ಲಿ ಯಾರಿಗಾದರೂ ಆಂಬುಲೆನ್ಸ್ ತಪ್ಪಿತೇ ಎಂದು ಕಚೇರಿಗೆ ಹೋಗಿ ವಿಚಾರಿಸಿದರು. ತಡವಾಗಿತ್ತು, ತಪ್ಪಿರಲಿಲ್ಲ. ನಾಲ್ಕನೆಯ ದಿನ ಸಂಸ್ಥೆಯ ಯಜಮಾನರ ಮುಂದೆ ನಿಂತು, ಒತ್ತಿದ ಹೆಬ್ಬೆರಳು ನನ್ನದು ಎಂದರು.

ನಾಲ್ಕು ತಿಂಗಳು ಕೆಲಸದಿಂದ ಹೊರಗಿಟ್ಟರು. ಆ ನಾಲ್ಕು ತಿಂಗಳೂ ಊಟದ ಮೇಜಿನ ಮೇಲೆ ಗುಜರಿ ಬೋರ್ಡುಗಳೇ. ಕಣ್ಣು ಮುಚ್ಚಿ ಕೂರಿಸುವುದು, ತೆಗೆಯುವುದು, ಮತ್ತೆ ಕೂರಿಸುವುದು. ತಡೆದರೆ ಒತ್ತದೆ ಹಿಂದಕ್ಕೆಳೆಯುವುದನ್ನು ಕೈಗೆ ಕಲಿಸಿದರು. ಬಸ್ ಚಾಲಕರಾದ ಗಂಡ ಇಂದಿಗೂ ನಗುತ್ತಾರೆ: "ನಾನು ಮುಂದಕ್ಕೆ ಓಡಿಸಿ ಸಂಬಳ ತಗೋತೀನಿ, ಇವಳು ಬರೀ ರಿವರ್ಸ್ ಕಲಿತಳು." ಮೆಲ್ಲಕ್ಕ ಎಂದು ಹೆಸರಿಟ್ಟವನು ಅದೇ ಜೊತೆಗಾರ. ಈಗ ಅವನು ಸಂಸ್ಥೆಯ ಉಗ್ರಾಣ ನೋಡಿಕೊಳ್ಳುತ್ತಾನೆ.

ಇವತ್ತು ಮೆಲ್ಲಕ್ಕ ಫೋನು ಮಾಡುವುದೂ ಅವನಿಗೇ. ಬಾಗಿದ ಪಿನ್ನನ್ನು ನೆಟ್ಟಗೆ ಮಾಡಬಹುದು, ಆದರೆ ಒಮ್ಮೆ ಬಾಗಿದ್ದು ಯಾವಾಗ ಮುರಿಯುತ್ತದೋ ಹೇಳಲಾಗದು. ಇದೇ ಮಾದರಿಯ ಖಾಲಿ ಯಂತ್ರವೊಂದು ಉಗ್ರಾಣದಲ್ಲಿದೆ, ತರಲು ಇಪ್ಪತ್ತೈದು ನಿಮಿಷ. ತಂದು ಎಲ್ಲವನ್ನೂ ಅದಕ್ಕೆ ವರ್ಗಾಯಿಸಬೇಕು, ಏಳಕ್ಕೆ ಮುಗಿಯುವುದಿಲ್ಲ. ಮೇಲ್ವಿಚಾರಕರ ಮುಖ ಕೆಂಪಾಗುತ್ತದೆ. ವಿಳಂಬಕ್ಕೆ ಯಾರು ಹೊಣೆ, ಬರೆದುಕೊಡಿ ಎನ್ನುತ್ತಾರೆ. ಇವರು ಗೋಡೆಗೆ ಕಾಗದ ಒತ್ತಿ 'ನಾನೇ' ಎಂದು ಬರೆದು ಸಹಿ ಹಾಕುತ್ತಾರೆ. ಮತ್ತೆ ಲಿಫ್ಟಿನವರೆಗೆ, ಮತ್ತೆ ಬಾಗಿಲವರೆಗೆ.

ಯಂತ್ರ ಬರುತ್ತದೆ. ನೂರಿಪ್ಪತ್ತು ಪಿನ್ನುಗಳನ್ನೂ ಮೊದಲಿನಿಂದ ನೋಡುತ್ತಾರೆ. ದಾಖಲೆಗಳಿರುವ ಡಿಸ್ಕುಗಳಿಗೆ ಅಂಕಿ ಅಂಟಿಸಿ, ಕೆಟ್ಟ ಯಂತ್ರದಿಂದ ಒಂದೊಂದಾಗಿ ಇದಕ್ಕೆ ಸಾಗಿಸುತ್ತಾರೆ. ಬೋರ್ಡನ್ನು ಅಂಚಿನಲ್ಲಷ್ಟೇ ಹಿಡಿದು ಯಂತ್ರದೊಳಗಿನ ಹಳಿಗೆ ಹೊಂದಿಸಿ, ಎರಡೂ ಹಿಡಿಕೆಗಳನ್ನು ಸಮನಾಗಿ ಮುಚ್ಚುತ್ತಾರೆ. ಏಳು ಇಪ್ಪತ್ತಾರಕ್ಕೆ ಹಸಿರು ದೀಪ ಹತ್ತುತ್ತದೆ. ಮೇಲೆ ಅಷ್ಟು ಹೊತ್ತು ಚೀಟಿ ಬರೆಯುತ್ತಿದ್ದ ನೋಂದಣಿಯವರು ಪರದೆಗೆ ಮರಳುತ್ತಾರೆ. ಸಾಲಿನಲ್ಲಿದ್ದವರಿಗೆ ಏನಾಯಿತೆಂದೇ ಗೊತ್ತಿಲ್ಲ. ಮೇಲ್ವಿಚಾರಕರು ಸಹಿಯ ಕಾಗದವನ್ನು ಎರಡು ಬಾರಿ ಮಡಚಿ ಇವರ ಕೈಗೇ ಕೊಡುತ್ತಾರೆ.

ವಾರಕ್ಕೆ ಆರೇಳು ಬೋರ್ಡು, ಆ ಘಟನೆಯ ನಂತರ ಮೂರು ಸಾವಿರಕ್ಕೂ ಹೆಚ್ಚು. ಇವರ ಕೈಯಲ್ಲಿ ಮತ್ತೊಂದು ಪಿನ್ನು ಬಾಗಿಲ್ಲ. ಹೆಮ್ಮೆಯಾಗುವುದಿಲ್ಲವೇ ಎಂದರೆ, ನಾಳೆ ಬೆಳಿಗ್ಗೆ ಇನ್ನೊಂದಿದೆ ಎಂದು ಚೀಲ ಹೆಗಲಿಗೇರಿಸುತ್ತಾರೆ. ಆಸ್ಪತ್ರೆಯ ಗೇಟಿನ ಬಳಿ ನಿಂತುಕೊಂಡೇ ಚಹಾ ಕುಡಿಯುತ್ತ, ಕೇಳದೆಯೇ ಒಂದು ಮಾತು ಹೇಳುತ್ತಾರೆ.

"ಒಂದೇ ಆಸೆ ಇದೆ. ಈ ಕೈ ನಡುಗೋಕೆ ಶುರುವಾದ ದಿನ ಅದು ನನಗೇ ಮೊದಲು ಗೊತ್ತಾಗಬೇಕು. ಆವತ್ತೇ ಬಿಟ್ಟುಬಿಡ್ತೀನಿ."