ಹದಿನಾರು ಓಮ್ ಮತ್ತು ದೊಡ್ಡವ್ವೆಯ ಆಶೀರ್ವಾದ

ಪ್ಲೇಯರ್‌ಗೆ ಆಂಪ್ಲಿಫೈಯರ್ ಇಲ್ಲ, ಶಬ್ದ ಸಾಲದೆ ಹೋಗಬಹುದು. ಇಯರ್‌ಫೋನಿನ ರಬ್ಬರ್ ನನ್ನ ಅವ್ವೆಯ ಕಿವಿಗೆ ದೊಡ್ಡದಾಗಬಹುದು. ಬ್ಯಾಟರಿ ಮುಗಿಯಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಮಂದಗಿವಿಯ ಅವ್ವೆ "ಏನೂ ಕೇಳಲಿಲ್ಲ" ಎಂದುಬಿಡಬಹುದು. ತೀರಿಕೊಂಡ ಅವಳ ಅಕ್ಕ, ನಮ್ಮ ದೊಡ್ಡವ್ವೆಯ ದನಿ ಉಳಿದಿದ್ದುದು ಆ ಪುಟ್ಟ ಪ್ಲೇಯರ್‌ನಲ್ಲಿ ಮಾತ್ರ.

ಹೀಗೆಲ್ಲ ಹೆದರಿ ಊಟಿಯ ಅಂಗಡಿಯಲ್ಲಿ ಒಂದು ಗಂಟೆ ಇಯರ್‌ಫೋನ್ ಆರಿಸಿದ್ದೆ. ಅಂಗಡಿಯವನು ಬೇಸತ್ತು, "ಅಣ್ಣಾ, ಆಂಪ್ ಇಲ್ದಿದ್ರೆ ಹದಿನಾರು ಓಮ್‌ದು ತಗೊಳ್ಳಿ, ತಡೆ ಕಮ್ಮಿ, ಜೋರಾಗೇ ಕೇಳುತ್ತೆ. ಹಾಕೋದು ಕಿವಿಗೆ ತಾನೆ, ಟೀ ಫ್ಯಾಕ್ಟರಿಗಲ್ವಲ್ಲ!" ಎಂದಿದ್ದ.

ಕೆತ್ತಿ ಊರಿನ ನಮ್ಮ ಮನೆಯ ಜಗಲಿಯಲ್ಲಿ ಅದನ್ನು ಅವ್ವೆಯ ಕಿವಿಗಿಟ್ಟು ಗುಂಡಿ ಒತ್ತಿದೆ. ದೊಡ್ಡವ್ವೆ ಹಿಂದೊಮ್ಮೆ ನಮ್ಮನ್ನೆಲ್ಲ ಹರಸಿದ್ದ ಮಾತುಗಳು ಅವು. ಅವ್ವೆ ಅಲುಗಾಡದೆ ಕೇಳಿದಳು. ಆಮೇಲೆ, "ಅಕ್ಕಾ, ಬಂದಿಯಾ?" ಎಂದಳು. ನಮ್ಮಲ್ಲಿ ಹಿರಿಯರು ನೆತ್ತಿಯ ಮೇಲೆ ಕೈಯಿಟ್ಟು ಹರಸುತ್ತಾರೆ, ಕಿರಿಯರು ತಲೆ ಬಾಗಿಸಿ ನಿಲ್ಲಬೇಕು. ಎಂಬತ್ತು ದಾಟಿದ ಅವ್ವೆ ಮೆಲ್ಲನೆ ಎದ್ದು, ಎದುರಿಗೆ ಯಾರೂ ಇಲ್ಲದ ಕಡೆಗೆ ತಲೆ ಬಾಗಿಸಿದಳು.

ಆಗ ಎಡಗಿವಿಯ ಇಯರ್‌ಫೋನ್ ಜಾರಿ ಕೆಳಗೆ ತೂಗಾಡಿತು. ಅಷ್ಟೆಲ್ಲ ಚಿಂತಿಸಿದ ನನಗೆ ಇದೊಂದು ಮಾತ್ರ ಹೊಳೆದಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ಕಾದೆ. ಅವ್ವೆ ಇನ್ನೂ ತಲೆ ಎತ್ತಿರಲಿಲ್ಲ.