ಲೇತ್ ಮೇಷ್ಟ್ರ ಹೆಂಡತಿ

ಆ ಗಲ್ಲಿಯಲ್ಲಿ ಲೇತ್ ಯಂತ್ರದ ಮೇಲೆ ಕಬ್ಬಿಣ ಕಡೆಯುವ ಟರ್ನರುಗಳೆಲ್ಲ ಅವರ ಕೈಕೆಳಗೆ ಪಳಗಿದವರೇ. ಹಾಗಾಗಿ ಎಲ್ಲರಿಗೂ ಅವರು ಮೇಷ್ಟ್ರು. ಲೇತಿನಲ್ಲಿ ಕಬ್ಬಿಣ ಕಚ್ಚಿಕೊಂಡು ತಿರುಗುವ ಚಕ್ ಬಲಗೈ ಬೆರಳುಗಳನ್ನು ನುಂಗಿದ ಮೇಲೆ ಅವರು ಕೊನೆಯದಾಗಿ ಕೆಲಸ ಕಲಿಸಿದ್ದು ಹೆಂಡತಿಗೆ. ಬೈದು, ಅಳಿಸಿ ಕಲಿಸಿದರು. ಸೌಟು ಹಿಡಿಯುವ ಕೈಗೆ ಲೇತ್ ಯಾಕೆ ಎಂದು ನಕ್ಕವರೇ ಈಗ ಅವಳಿಗೆ ಕೆಲಸ ತರುತ್ತಿದ್ದರು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಹೇಳುವುದು, ಅವಳು ಮಾಡುವುದು. ಹೇಗೋ ಹೊಟ್ಟೆಪಾಡು ನಡೆದಿತ್ತು.

ಈಚೆಗೆ ಮಾತ್ರ ಅವರು ಉಂಡು ಕೈ ತೊಳೆದು ಮತ್ತೆ ಊಟ ಕೇಳುತ್ತಿದ್ದರು. ಒಮ್ಮೆ ತಮ್ಮದೇ ಮನೆಯೆದುರು ನಿಂತು ಮನೆಯ ದಾರಿ ವಿಚಾರಿಸಿದ್ದರು. ಅವಳು ತಮಾಷೆ ಎಂಬಂತೆ ನಕ್ಕು ಮುಚ್ಚಿಹಾಕಿದ್ದಳು. ಗಲ್ಲಿಗೆ ತಿಳಿದರೆ ಅವರಿಗೆ ಉಳಿದಿರುವ ಒಂದೇ ಆಸ್ತಿ, ಆ ಮೇಷ್ಟ್ರು ಎಂಬ ಮರ್ಯಾದೆಯೂ ಹೋಗುತ್ತದೆಂದು ಅವಳಿಗೆ ಭಯ.

ಅಂದು ಹಿಟ್ಟಿನ ಗಿರಣಿಯವನು ಶಾಫ್ಟ್ ತಂದು, ತುದಿಗೆ ನಟ್ಟು ಕೂರುವ ಹಾಗೆ ಮಿಲಿಮೀಟರ್ ಲೆಕ್ಕದ ಥ್ರೆಡ್ ಹಾಕಿಕೊಡಿ ಎಂದು ಅಲ್ಲೇ ಕೂತ. ಇವರದು ಇಂಚಿನ ಲೆಕ್ಕದ ಹಳೇ ಲೇತ್. ಅವಳು ಗೇರ್ ಬದಲಿಸಿ, ಕೊರೆಯುವ ಟೂಲನ್ನು ಗೇಜಿಗೆ ಹಿಡಿದು ನೇರ ಕೂರಿಸಿ, ತೆಳುವಾಗಿ ಒಂದು ಗೆರೆ ಎಳೆದು ಅಳತೆ ನೋಡಿದಳು. ಸರಿಯಿತ್ತು. ಇಂಥ ಲೇತಿನಲ್ಲಿ ಮಿಲಿಮೀಟರ್ ಹಾಕುವಾಗ ಟೂಲನ್ನು ಮುಂದಕ್ಕೆ ಓಡಿಸುವ ಹಾಫ್ ನಟ್ಟಿನ ಹಿಡಿಯನ್ನು ಕೆಲಸ ಮುಗಿಯುವವರೆಗೆ ಬಿಡಬಾರದು; ಮೋಟಾರನ್ನೇ ಹಿಂದಕ್ಕೆ ತಿರುಗಿಸಿ ಟೂಲನ್ನು ವಾಪಸ್ ತರಬೇಕು. ಬಿಟ್ಟರೆ ಟೂಲ್ ಮತ್ತೆ ಅದೇ ಗೆರೆಗೆ ಬೀಳುವುದಿಲ್ಲ. ಇದನ್ನು ಮೇಷ್ಟ್ರೇ ಅವಳ ತಲೆಗೆ ಕುಟ್ಟಿ ಕುಟ್ಟಿ ಇಳಿಸಿದ್ದರು.

“ಹಿಡಿ ಬಿಡು,” ಎಂದರು ಮೇಷ್ಟ್ರು.

ಅವಳು ಕೇಳಿಸದವಳಂತೆ ಮೋಟಾರನ್ನು ಹಿಂದಕ್ಕೆ ತಿರುಗಿಸಿದಳು.

“ಬಿಡು ಅಂದೆನಲ್ಲ. ಕಿವಿ ಕೇಳಲ್ವಾ?”

ಗಿರಣಿಯವನು ತಲೆಯೆತ್ತಿ ನೋಡಿದ. ಶಾಫ್ಟ್ ಹಾಳಾದರೆ ಇನ್ನೊಂದು ಮಾಡಬಹುದು, ಇವರ ಮಾನ ಹೋದರೆ ಎಲ್ಲಿಂದ ತರಲಿ ಎಂದುಕೊಂಡು ಅವಳು ಹಿಡಿ ಬಿಟ್ಟಳು. ಮುಂದಿನ ಸುತ್ತಿನಲ್ಲಿ ಟೂಲ್ ಹಳೇ ಗೆರೆ ತಪ್ಪಿ ಏಣಿನ ಮೇಲೆಯೇ ಹರಿದು, ಥ್ರೆಡ್ ಚಿಂದಿಯಾಯಿತು.

ಗಿರಣಿಯವನು ಬಾಯಿಗೆ ಬಂದಂತೆ ಬೈದ. ಹೆಂಗಸಿನ ಕೈಗೆ ಕೊಟ್ಟದ್ದೇ ತನ್ನ ತಪ್ಪು ಎಂದ. ತಪ್ಪು ತನ್ನದೇ, ಹೊಸದು ಮಾಡಿಕೊಡುತ್ತೇನೆ ಎಂದಳು ಅವಳು. ಕಣ್ಣು ತುಂಬಿದ್ದರೂ ಒಳಗೊಳಗೇ ನಿರಾಳವಾಗಿತ್ತು, ಗುಟ್ಟು ಉಳಿದಿತ್ತು.

ಅಷ್ಟರಲ್ಲಿ ಮೇಷ್ಟ್ರು ಎದ್ದು ಬಂದು ಕೆಟ್ಟ ಥ್ರೆಡ್ಡಿನ ಮೇಲೆ ಉಗುರು ಎಳೆದು ನೋಡಿದರು.

“ಮಿಲಿಮೀಟರಿಗೆ ಯಾರಾದ್ರೂ ಹಿಡಿ ಬಿಡ್ತಾರಾ? ಯಾವ ಮುಠ್ಠಾಳ ನಿನಗೆ ಕಲಿಸಿದ್ದು?”

ಗಿರಣಿಯವನು ಮೇಷ್ಟ್ರನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

“ನೀವೇ ಕಲಿಸಿದ್ದು ಕಣ್ರೀ,” ಎಂದಳು ಅವಳು.

ಮೇಷ್ಟ್ರು ಅವಳ ಮುಖವನ್ನೇ ಬಹಳ ಹೊತ್ತು ನೋಡಿದರು.

“ನಾನಾ?” ಎಂದು ಮೆಲ್ಲಗೆ ಕೇಳಿದರು. “ನೀನು ಯಾರ ಮನೆಯವಳಮ್ಮ?”